ಕಮರಿಯ ಕೊನೆಯ ದಿನ: ಒಟ್ಟಿಗೆ ಇಳಿದವರು ಒಟ್ಟಿಗೇ ಏರಬೇಕೇ?

ಸಂಘಟಕ:

2019ರ ಏಪ್ರಿಲ್ ತಿಂಗಳಲ್ಲಿ ಒಂಬತ್ತು ಜನ ಕನ್ನಡಿಗರ ನಮ್ಮ ತಂಡ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಇಳಿದಿತ್ತು. ಸೌತ್ ಕೈಬಾಬ್ ಹಾದಿಯಲ್ಲಿ ಇಳಿದು, ಕೊಲೊರಾಡೊ ನದಿಯ ಬಳಿಯ ಬ್ರೈಟ್ ಏಂಜೆಲ್ ಶಿಬಿರದಲ್ಲಿ ಎರಡು ರಾತ್ರಿ ಕಳೆದು, ಮೂರನೆಯ ದಿನ ಬ್ರೈಟ್ ಏಂಜೆಲ್ ಹಾದಿಯಲ್ಲಿ ಮೇಲೆ ಬಂದೆವು. ಮೊದಲೆರಡು ದಿನಗಳ ಕಥೆಯನ್ನು ಫೋಟೊಗಳ ಸಮೇತ ಬೇಕಾದಷ್ಟು ಸಲ ಹೇಳಿಕೊಂಡಿದ್ದೇವೆ. ಮೂರನೆಯ ದಿನದ ಬಗ್ಗೆ ಮಾತ್ರ ನಮ್ಮಲ್ಲಿ ಯಾರೂ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ಈಗ ಅದೇ ತಂಡ ಮತ್ತೆ ಹೊರಡುವ ಮಾತು ಎದ್ದಿರುವುದರಿಂದ ಅದನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ. ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಮ್ಮ ಕಡೆಯ ಬೆಟ್ಟಗಳನ್ನು ಹತ್ತಿ ಅಭ್ಯಾಸವಾದವರಿಗೆ ಈ ಕಮರಿ ತಲೆಕೆಳಗಾದ ಲೆಕ್ಕ. ಕುಮಾರಪರ್ವತದಲ್ಲಿ ದಮ್ಮು ಕಟ್ಟುವ ಏರೆಲ್ಲ ಮೊದಲೇ ಮುಗಿದು, ಕೊನೆಯ ದಿನಕ್ಕೆ ಇಳಿಜಾರು ಮಾತ್ರ ಉಳಿದಿರುತ್ತದೆ. ಸುಸ್ತಾದವನು ಹೇಗೋ ಜಾರಿಕೊಂಡಾದರೂ ಕುಕ್ಕೆ ಸೇರುತ್ತಾನೆ. ಇಲ್ಲಿ ಹಾಗಲ್ಲ. ಸಾಲ ಮಾಡಿ ತುಪ್ಪ ತಿಂದಂತೆ ಮೊದಲ ದಿನ ಹಾಯಾಗಿ ಇಳಿದದ್ದನ್ನು ಕೊನೆಯ ದಿನ, ಅದೂ ನೊಂದ ಮಂಡಿ ಮತ್ತು ಎರಡು ರಾತ್ರಿಯ ಅರೆನಿದ್ದೆಯ ಜೊತೆ, ಬಡ್ಡಿ ಸಮೇತ ತೀರಿಸಬೇಕು. ಶಿಬಿರದಿಂದ ಮೇಲಂಚಿಗೆ 15 ಕಿಲೋಮೀಟರ್ ಚಿಲ್ಲರೆ ದೂರ, ಸುಮಾರು 1,340 ಮೀಟರ್ ಏರು. ಆ ಏರಾದರೂ ಸಮನಾಗಿ ಹಂಚಿಕೊಂಡಿಲ್ಲ. ಅರ್ಧ ದಾರಿಯಲ್ಲಿರುವ ಇಂಡಿಯನ್ ಗಾರ್ಡನ್ ತನಕ ಏರುವುದು 400 ಮೀಟರ್ ಆಸುಪಾಸು; ಮಿಕ್ಕ 930 ಮೀಟರ್ ಉಳಿದರ್ಧ ದಾರಿಯಲ್ಲೇ ಗಂಟುಬಿದ್ದಿದೆ. ಮೊದಲರ್ಧ ಮುಗಿಸಿದವರು, ನಾವು ಅಂದುಕೊಂಡಂತೆಯೇ, ಇನ್ನೇನು ಆಯಿತು ಎಂದುಕೊಳ್ಳುತ್ತಾರೆ.

ಬೆಳಗಿನ ಜಾವ ಪೌಣೇ ಐದಕ್ಕೆ ತಲೆದೀಪ ಕಟ್ಟಿಕೊಂಡು ಹೊರಟೆವು. ಸಿಲ್ವರ್ ಬ್ರಿಜ್ ಎಂಬ ತೂಗುಸೇತುವೆಯ ನೆಲ ಉಕ್ಕಿನ ಜಾಲರಿ. ಬೆಳಕು ಬಿದ್ದಲ್ಲೆಲ್ಲ ಕಾಲಡಿಯಲ್ಲಿ ಕಪ್ಪು ನೀರು ಸುಳಿಯುವುದು ಕಾಣುತ್ತಿತ್ತು. ಅಲ್ಲಿಯವರೆಗೆ ಒಂಬತ್ತು ದೀಪಗಳೂ ಒಂದೇ ಸಾಲಿನಲ್ಲಿದ್ದವು. ನದಿಯ ದಡದ ಹಾದಿಯಲ್ಲಿ ಮರಳು ಕಾಲೆಳೆಯುತ್ತದೆ. ಅಲ್ಲೇ ಸಾಲು ಉದ್ದವಾಯಿತು. ಪೈಪ್ ಕ್ರೀಕ್ ದಾಟಿ ಡೆವಿಲ್ಸ್ ಕಾರ್ಕ್‌ಸ್ಕ್ರೂ ತಿರುವುಗಳನ್ನು ಏರಿ ಗಾರ್ಡನ್ ತಲಪುವಾಗ ಮುಂದಿನ ನಾಲ್ವರು ತಿಂಡಿ ತಿಂದು, ಶೂ ಬಿಗಿದು, ಹೊರಡಲು ತಯಾರಾಗಿ ನಿಂತಿದ್ದರು. ನಾನೂ ನಮ್ಮ ತಂಡದ ಹಿರಿಯರೂ ಆಗಷ್ಟೇ ಬಂದು ಚೀಲ ಇಳಿಸುತ್ತಿದ್ದೆವು. "ನೀವು ಮುಂದೆ ಹೋಗಿ, ಮೇಲೆ ಸಿಗೋಣ" ಎಂದು ಹೇಳಿದವನು ನಾನೇ.

ಆ ಮಾತಿನಿಂದ ಏನೇನಾಯಿತು ಎಂದರೆ, ಹಿಂದಿನ ರಾತ್ರಿ ಆಹಾರವನ್ನು ಹಂಚಿಕೊಳ್ಳುವಾಗ ಭಾರವೆಲ್ಲ ಬಲಶಾಲಿಗಳಿಗೆ ಇರಲಿ ಎಂದು ಉಪ್ಪು ಖಾರದ ತಿನಿಸೆಲ್ಲವನ್ನೂ ಆ ನಾಲ್ವರ ಚೀಲಕ್ಕೆ ತುಂಬಿದ್ದೆವು. ಅದು ಅವರೊಂದಿಗೆ ಮೇಲೆ ಹೋಯಿತು. ನಡುವಿನ ಮೂವರಲ್ಲಿ ಒಬ್ಬ ಹುಡುಗ, ಬಾಯಾರಿಕೆ ಇರಲಿ ಬಿಡಲಿ ನೀರು ಕುಡಿಯುತ್ತಲೇ ಇರಬೇಕೆಂದು ಎಲ್ಲೋ ಓದಿಕೊಂಡಿದ್ದವನು, ತ್ರೀ ಮೈಲ್ ರೆಸ್ಟ್‌ಹೌಸ್ ಹತ್ತಿರ ವಾಂತಿ ಬರುವಂತಾಗಿ ಕುಳಿತುಬಿಟ್ಟ. ನಾವಿಬ್ಬರು ಜೇಕಬ್ಸ್ ಲ್ಯಾಡರ್ ತಿರುವುಗಳನ್ನು ಏರಿ ಅಲ್ಲಿಗೆ ಬರುವಾಗ ಮಧ್ಯಾಹ್ನ ಪೌಣೇ ಒಂದು. ಅವನ ಮುಖ ಬಿಳಚಿತ್ತು, ತಲೆ ಸಿಡಿಯುತ್ತಿದೆ ಎನ್ನುತ್ತಿದ್ದ, ಕೇಳಿದ ಪ್ರಶ್ನೆಗೆ ತಡವಾಗಿ ಉತ್ತರಿಸುತ್ತಿದ್ದ. ಹಿರಿಯರು ತಮ್ಮ ಚೀಲದ ತಳಕ್ಕೆ ಕೈಹಾಕಿ, ಮೂರು ದಿನ ನಜ್ಜುಗುಜ್ಜಾಗಿ ಪುಡಿಯಾಗಿದ್ದ ಕೋಡುಬಳೆಯ ಪೊಟ್ಟಣ ತೆಗೆದು, ಅಂಗೈಗೆ ಸುರಿದು ಮಗುವಿಗೆ ತಿನ್ನಿಸಿದಂತೆ ಚಿಟಿಕೆ ಚಿಟಿಕೆಯಾಗಿ ತಿನ್ನಿಸಿದರು. ಮುಕ್ಕಾಲು ಗಂಟೆಯ ಮೇಲೆ ಅವನು ಎದ್ದು ನಿಂತ.

ಮುಂದಿನ ನಾಲ್ವರು ಹನ್ನೊಂದು ನಲವತ್ತಕ್ಕೇ ಮೇಲಿದ್ದರು. ನಾವು ತಲಪಿದ್ದು ನಾಲ್ಕು ಹತ್ತಕ್ಕೆ. ವ್ಯಾನಿನ ಕೀಲಿ ಹಿರಿಯರ ಚೀಲದಲ್ಲಿತ್ತು. ಅದನ್ನು ಮುಂದೆ ಹೋಗುವವರ ಕೈಗೆ ಕೊಡಬೇಕೆಂದು ನನಗೆ ಹೊಳೆದಿರಲಿಲ್ಲ. ಮೇಲೆ ಸಿಕ್ಕಾಗ ಅವರು ಸಿಟ್ಟಾಗಿದ್ದರು, ನಾವೂ ಸಿಟ್ಟಾಗಿದ್ದೆವು, ಫ್ಲ್ಯಾಗ್‌ಸ್ಟಾಫ್ ತನಕ ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಪ್ರಶ್ನೆ ಇಷ್ಟೇ: ಇಂಥ ಕಮರಿಯಲ್ಲಿ ಕೊನೆಯ ದಿನ ತಂಡವನ್ನು ಒಡೆಯಬಹುದೇ, ಒಡೆದರೆ ಹೇಗೆ?

ಬೇಗ ಏರಿದವನು:

ಆ ನಾಲ್ವರಲ್ಲಿ ನಾನೊಬ್ಬ. ಸಂಘಟಕರು ಬರೆದದ್ದರಲ್ಲಿ ಸುಳ್ಳೇನೂ ಇಲ್ಲ, ಆದರೆ ನಮ್ಮ ಕಡೆಯ ಮಾತೂ ದಾಖಲಾಗಲಿ. ಆ ಕಮರಿಯಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಬಿಸಿಲಿನಲ್ಲಿ ಏರಬೇಡಿ ಎಂದು ರೇಂಜರುಗಳೇ ಹೇಳುತ್ತಾರೆ. ಗಾರ್ಡನ್‌ನಲ್ಲಿ ನಾವು ನಲವತ್ತು ನಿಮಿಷ ಕಾದೆವು. ಬೆವರು ಆರಿ ಕಾಲಿನ ಸ್ನಾಯು ಬಿಗಿಯತೊಡಗಿದ ಮೇಲೆ ಮತ್ತೆ ಹೊರಡುವುದು ಎಷ್ಟು ಕಷ್ಟ ಎಂಬುದು ಏರಿದವರಿಗೇ ಗೊತ್ತು. ತನ್ನ ಲಯಕ್ಕಿಂತ ನಿಧಾನವಾಗಿ ನಡೆಯುವುದೂ ಒಂದು ದಣಿವೇ, ಇದನ್ನು ನಿಧಾನಸ್ಥರು ಸುಲಭವಾಗಿ ಒಪ್ಪುವುದಿಲ್ಲ.

ಮೇಲೆ ನಾವು ಸುಖವಾಗಿದ್ದೆವು ಎಂದು ತಿಳಿಯಬೇಡಿ. ನದಿಯ ಬಳಿ ಇಪ್ಪತ್ತೆಂಟು ಡಿಗ್ರಿ ಇದ್ದ ದಿನ ಮೇಲಂಚಿನಲ್ಲಿ ಅದರ ಅರ್ಧದಷ್ಟೇ ಇತ್ತು. ಅಂಗಿ ಬೆನ್ನಿಗೆ ಒದ್ದೆಯಾಗಿ ಅಂಟಿತ್ತು, ಗಾಳಿ ಬೀಸುತ್ತಿತ್ತು, ಬೆಚ್ಚನೆಯ ಬಟ್ಟೆಗಳೆಲ್ಲ ವ್ಯಾನಿನೊಳಗೆ, ವ್ಯಾನಿನ ಕೀಲಿ ಕಮರಿಯೊಳಗೆ. ಗಾಜಿಗೆ ಮೂಗು ಒತ್ತಿ ನಮ್ಮದೇ ಸ್ವೆಟರುಗಳನ್ನು ನೋಡುತ್ತ ನಿಂತಿದ್ದೆವು. ರೆಕ್ಕೆಯ ಮೇಲೆ ಸಂಖ್ಯೆಯ ಚೀಟಿ ಇದ್ದ ಒಂದು ಕಾಂಡೋರ್ ರಣಹದ್ದು, ಹೆಚ್ಚುಕಡಿಮೆ ಮೂರು ಮೀಟರ್ ಅಗಲದ ರೆಕ್ಕೆ ಹರಡಿಕೊಂಡು, ನಮ್ಮ ತಲೆಯ ಮೇಲೆ ಎರಡು ಸುತ್ತು ಹಾಕಿ ಹೋಯಿತು. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದೆ.

ಒಂದು ಮಾತು ಒಪ್ಪುತ್ತೇನೆ. ಗಾರ್ಡನ್ ಬಿಟ್ಟ ಮೇಲೆ ಒಮ್ಮೆಯೂ ನಾನು ಹಿಂತಿರುಗಿ ನೋಡಲಿಲ್ಲ. ತಿನಿಸು ನನ್ನ ಚೀಲದಲ್ಲಿದೆ ಎಂಬುದು ನೆನಪಿಗೆ ಬಂದದ್ದು ಮೇಲೆ ಕುಳಿತು ಖಾರದ ಕಡಲೆಬೀಜದ ಪೊಟ್ಟಣ ಒಡೆದಾಗ. ಆಗಲೂ, ಅಯ್ಯೋ ಅವರಿಗೇನಿದೆ ಎಂದು ಅನ್ನಿಸುವ ಮೊದಲು ಅರ್ಧ ಪೊಟ್ಟಣ ಖಾಲಿಯಾಗಿತ್ತು.

ವೈದ್ಯೆ:

ಆ ಹುಡುಗನ ಲಕ್ಷಣಗಳನ್ನು ಓದಿ ಬರೆಯುತ್ತಿದ್ದೇನೆ. ದೂರದಿಂದ, ಅದೂ ಇಷ್ಟು ವರ್ಷಗಳ ಮೇಲೆ, ರೋಗನಿರ್ಣಯ ಮಾಡುವುದು ಸರಿಯಲ್ಲ. ಆದರೂ ವಾಂತಿ, ತಲೆನೋವು, ತಡವರಿಕೆಯ ಮಾತು ಇವು ಬಿಸಿಲ ಬಳಲಿಕೆಯಲ್ಲಿ ಬರುವಂತೆಯೇ ರಕ್ತದಲ್ಲಿ ಸೋಡಿಯಂ ಇಳಿದಾಗಲೂ ಬರುತ್ತವೆ ಎಂಬುದನ್ನು ಚಾರಣಿಗರು ತಿಳಿದಿರಬೇಕು. ಗಂಟೆಗಟ್ಟಲೆ ಬೆವರುವಾಗ ನೀರಿನೊಂದಿಗೆ ಉಪ್ಪೂ ಹೋಗುತ್ತದೆ. ಕುಡಿಯುವುದು ಬರೀ ನೀರು, ಅದೂ ಬೇಕಾದದ್ದಕ್ಕಿಂತ ಹೆಚ್ಚು ಎಂದಾದರೆ, ಉಳಿದ ಉಪ್ಪೂ ತೆಳುವಾಗುತ್ತದೆ. ಹೊರನೋಟಕ್ಕೆ ಎರಡೂ ಒಂದೇ ತರಹ ಕಾಣುವುದರಿಂದ ಜೊತೆಗಾರರು ಗಾಬರಿಯಲ್ಲಿ "ಇನ್ನಷ್ಟು ನೀರು ಕುಡಿ" ಎನ್ನುತ್ತಾರೆ, ಮತ್ತು ಎರಡನೆಯ ಸ್ಥಿತಿಯಲ್ಲಿ ಅದೇ ಅಪಾಯಕ್ಕೆ ದಾರಿ.

ಹಾದಿಯಲ್ಲಿ ರಕ್ತಪರೀಕ್ಷೆ ಸಾಧ್ಯವಿಲ್ಲ, ಕೇಳಿ ತಿಳಿಯುವುದೊಂದೇ ದಾರಿ. ಎಷ್ಟು ಕುಡಿದ, ಏನು ತಿಂದ, ಮೂತ್ರ ಹೇಗಿದೆ? ದಿನವಿಡೀ ಕುಡಿಯುತ್ತ, ಏನೂ ತಿನ್ನದೆ, ಪದೇ ಪದೇ ತಿಳಿಯಾದ ಮೂತ್ರ ಹೋಗುತ್ತಿದ್ದರೆ ನೀರು ನಿಲ್ಲಿಸಿ, ನೆರಳಿನಲ್ಲಿ ಕೂರಿಸಿ, ಉಪ್ಪಿನ ತಿನಿಸು ಕೊಡುವುದು ಲೇಸು. ಮಾತು ಪೂರ್ತಿ ತಪ್ಪಿದರೆ ಅಥವಾ ಫಿಟ್ಸ್ ಬಂದರೆ ಮನೆಮದ್ದಿನ ಕಾಲ ಮುಗಿಯಿತು, ರೇಂಜರನ್ನು ಕರೆಸಲೇಬೇಕು. ಹಿರಿಯರ ಕೋಡುಬಳೆ ಪುಡಿ ಆ ಹೊತ್ತಿಗೆ ಸರಿಯಾದ ಔಷಧವೇ ಆಗಿತ್ತು. ಆದರೆ ಈ ಪ್ರಶ್ನೆಗಳನ್ನು ಕೇಳಲು ಪಕ್ಕದಲ್ಲಿ ಒಬ್ಬರು ಇರಬೇಕು, ತಡವರಿಸುತ್ತಿರುವವನಿಗೆ ತಾನು ತಡವರಿಸುತ್ತಿದ್ದೇನೆ ಎಂಬುದು ಗೊತ್ತಾಗುವುದಿಲ್ಲ. ತಂಡ ಒಡೆಯುವುದರ ಬಗ್ಗೆ ನನಗಿರುವ ತಕರಾರು ಇದೊಂದೇ.

ಫೀನಿಕ್ಸಿನ ನೆರೆಯವರು:

ನಾನು ಈ ಹಾದಿಯನ್ನು ಹಲವು ಸಲ ಹತ್ತಿಳಿದಿದ್ದೇನೆ. ಮೊದಲು ಒಂದು ತಿದ್ದುಪಡಿ. ಇಂಡಿಯನ್ ಗಾರ್ಡನ್ ಎಂಬ ಹೆಸರು ಈಗಿಲ್ಲ. 2022ರ ನವೆಂಬರ್‌ನಲ್ಲಿ ಅದನ್ನು ಹವಾಸುಪಾಯಿ ಗಾರ್ಡನ್ಸ್ ಎಂದು ಬದಲಿಸಿದರು. ಹವಾಸುಪಾಯಿ ಎಂಬ ಮೂಲನಿವಾಸಿ ಜನ ಅಲ್ಲಿನ ಚಿಲುಮೆಯ ನೀರಿನಲ್ಲಿ ತಲೆಮಾರುಗಳಿಂದ ಬೇಸಾಯ ಮಾಡುತ್ತಿದ್ದರು. 1919ರಲ್ಲಿ ಕಮರಿ ರಾಷ್ಟ್ರೀಯ ಉದ್ಯಾನವಾಯಿತು, 1928ರಲ್ಲಿ ಅಲ್ಲಿ ಉಳಿದಿದ್ದ ಕೊನೆಯ ಹವಾಸುಪಾಯಿ ನಿವಾಸಿ ಕ್ಯಾಪ್ಟನ್ ಬರ್ರೊ ಅವರನ್ನು ಉದ್ಯಾನದವರು ಒಕ್ಕಲೆಬ್ಬಿಸಿದರು. ನೀವು ಚೀಲ ಇಳಿಸಿ ಕಾಲು ಚಾಚಿದ ಆ ಕಾಟನ್‌ವುಡ್ ಮರಗಳ ನೆರಳು ಒಬ್ಬರ ಹೊಲಮನೆಯಿದ್ದ ಜಾಗ. ನಾವು ಏರುವ ಹಾದಿಯೂ ಮೂಲತಃ ಅವರ ಕಾಲುದಾರಿಯೇ. ರಾಲ್ಫ್ ಕ್ಯಾಮರಾನ್ ಎಂಬಾತ ಅದನ್ನು ಅಗಲಿಸಿ, ಸವಾರಿ ಹೋಗುವವರಿಂದ ಒಂದು ಡಾಲರ್ ಸುಂಕ ವಸೂಲಿ ಮಾಡುತ್ತಿದ್ದ.

ಇನ್ನು ಪ್ರಶ್ನೆಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ನಿಮ್ಮ ತಪ್ಪು ಕೊನೆಯ ದಿನದ್ದಲ್ಲ, ಪರವಾನಗಿಯ ಅರ್ಜಿ ಬರೆದ ದಿನದ್ದು. ಎರಡನೆಯ ರಾತ್ರಿಯನ್ನು ನದಿಯ ಬಳಿ ಕಳೆಯುವ ಬದಲು ಗಾರ್ಡನ್ಸ್‌ನಲ್ಲಿ ಕಳೆದಿದ್ದರೆ 15 ಕಿಲೋಮೀಟರಿನ ಕೊನೆಯ ದಿನ ಅರ್ಧವಾಗುತ್ತಿತ್ತು. ಏಳರಿಂದ ಹನ್ನೊಂದು ಜನರ ತಂಡವನ್ನು ಅಲ್ಲಿ ದೊಡ್ಡ ತಂಡ ಎಂದು ಲೆಕ್ಕ ಹಾಕುತ್ತಾರೆ, ದೊಡ್ಡ ತಂಡಗಳಿಗೆ ಮೀಸಲಾದ ಜಾಗಗಳು ಬೆರಳೆಣಿಕೆಯಷ್ಟೇ. ಆದ್ದರಿಂದ ಸಿಕ್ಕಲಿಲ್ಲ ಎಂದರೆ ನಂಬುತ್ತೇನೆ, ಕೇಳಲೇ ಇಲ್ಲ ಎಂದರೆ ಬೇಸರವಾಗುತ್ತದೆ.

ನೀರಿನ ವಿಷಯ ಇನ್ನೂ ಮುಖ್ಯ. ಗಾರ್ಡನ್ಸ್ ಮೇಲಿನ ಎರಡು ರೆಸ್ಟ್‌ಹೌಸ್‌ಗಳ ನಲ್ಲಿಗಳು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ಹರಿಯುತ್ತವೆ. ಏಪ್ರಿಲ್‌ನಲ್ಲಿ ಅವು ಬಂದ್ ಇರುವ ಸಂಭವವೇ ಹೆಚ್ಚು. ಅವುಗಳಿಗೆ ನೀರು ಬರುವುದು ಉತ್ತರದಂಚಿನ ಕೆಳಗಿನ ರೋರಿಂಗ್ ಸ್ಪ್ರಿಂಗ್ಸ್‌ನಿಂದ, ಇಡೀ ಕಮರಿಯನ್ನು ಅಡ್ಡಹಾಯುವ, 1960ರ ದಶಕದಲ್ಲಿ ಹಾಕಲು ತೊಡಗಿದ ಒಂದೇ ಒಂದು ಕೊಳವೆಯಲ್ಲಿ. ನೀವು ಕತ್ತಲಲ್ಲಿ ದಾಟಿದ ಸಿಲ್ವರ್ ಬ್ರಿಜ್ ಕೆಳಗೆ ನೇತಾಡುವುದು ಅದೇ ಕೊಳವೆ. ಅದು ವರ್ಷದಲ್ಲಿ ಹಲವು ಸಲ ಒಡೆಯುತ್ತದೆ. ಹೊರಡುವ ಮುನ್ನಾದಿನ ರೇಂಜರನ್ನು ಕೇಳದೆ ಯಾವ ನಲ್ಲಿಯನ್ನೂ ನಂಬಬೇಡಿ.

ಬೇಗ ಏರಿದವರಿಗೆ ಒಂದು ಮಾತು. 2004ರ ಜುಲೈನಲ್ಲಿ, ಅದೇ ವರ್ಷ ಬೋಸ್ಟನ್ ಮ್ಯಾರಥಾನ್ ಓಡಿದ್ದ ಒಬ್ಬ ತರುಣಿ ಈ ಕಮರಿಯಲ್ಲಿ ಜೊತೆಗಾರನಿಂದ ಬೇರ್ಪಟ್ಟು, ನೀರಿಲ್ಲದೆ ಸತ್ತಳು. ಆಕೆಯ ದಾರ್ಢ್ಯದ ಮುಂದೆ ನಾವೆಲ್ಲ ಲೆಕ್ಕಕ್ಕೇ ಇಲ್ಲ. ನಿಮ್ಮದು ಏಪ್ರಿಲ್, ನಿಜ, ಹಾದಿಯೂ ಜನರಿರುವ ಹಾದಿ, ನಿಜ. ಆದರೆ ಇಲ್ಲಿ ಜಾರಿಹೋಗುವವರು ದುರ್ಬಲರೇ ಎಂದು ಯಾರೂ ತಿಳಿಯಬಾರದು.

ಕುಕ್ಕೆಯ ಕಡೆಯವನು:

ನಾನು ಅಮೆರಿಕದ ಕಮರಿ ನೋಡಿಲ್ಲ, ಪಶ್ಚಿಮಘಟ್ಟದಲ್ಲಿ ತಂಡಗಳನ್ನು ಕರೆದೊಯ್ದು ರೂಢಿ. ಒಂಬತ್ತು ಜನರನ್ನು ದಿನವಿಡೀ ಒಂದೇ ಸಾಲಿನಲ್ಲಿ ನಡೆಸುತ್ತೇನೆ ಎನ್ನುವುದು ಮದುವೆ ದಿಬ್ಬಣದ ಆಸೆ. ಕಿರಿದಾದ ಹಾದಿಯಲ್ಲಿ ಅದು ಬೇರೆಯವರಿಗೂ ಕಾಟ. ಮೂರು ಮೂರು ಜನರ ಗುಂಪು ಮಾಡಿ, ಪ್ರತಿ ಗುಂಪಿಗೂ ಅದರದೇ ನೀರು, ತಿನಿಸು, ಔಷಧ ಇರಲಿ, ಗೊತ್ತುಪಡಿಸಿದ ಜಾಗದಲ್ಲಿ ಎಲ್ಲರೂ ಕೂಡಲಿ. ಮುಂದಿನ ಗುಂಪು ಹಿಂದಿನ ಗುಂಪಿನ ಮುಖ ನೋಡದೆ ಅಲ್ಲಿಂದ ಕದಲಬಾರದು. ನಿಮ್ಮಲ್ಲಿ ಜನ ಮಾತ್ರ ಹಂಚಿಹೋದರು, ಸಾಮಾನು ಹಂಚಿರಲಿಲ್ಲ.

ಫೀನಿಕ್ಸಿನ ನೆರೆಯವರು:

ಮೂರರ ಗುಂಪನ್ನು ಒಪ್ಪುತ್ತೇನೆ, ಒಂದು ಸೇರ್ಪಡೆಯೊಂದಿಗೆ: ಬೆಳಿಗ್ಗೆ ಮೊದಲು ಹೊರಡುವುದು ಅತಿ ನಿಧಾನದ ಗುಂಪಾಗಿರಲಿ, ಒಂದು ಗಂಟೆ ಮುಂಚೆಯೇ. ಆಗ ಬಲಶಾಲಿಗಳು ಅವರನ್ನು ಹಿಂದಿನಿಂದ ಬಂದು ಕೂಡಿಕೊಳ್ಳುತ್ತಾರೆ, ಬಿದ್ದವರು ಅವರ ಕಣ್ಣ ಮುಂದೆಯೇ ಇರುತ್ತಾರೆ. ಇನ್ನೊಂದು, ಬೆಳಗಿನ ಹೊತ್ತು ಸವಾರರನ್ನು ಹೊತ್ತ ಹೇಸರಗತ್ತೆಗಳ ಸಾಲು ಇದೇ ಹಾದಿಯಲ್ಲಿ ಇಳಿದು ಬರುತ್ತದೆ. ದಾರಿಯ ಹಕ್ಕು ಅವುಗಳದ್ದು. ಪ್ರಪಾತದ ಕಡೆಗಲ್ಲ, ಬೆಟ್ಟದ ಕಡೆಗೆ ಒತ್ತಿ, ಚೀಲ ಅಲ್ಲಾಡಿಸದೆ, ಮಾತಾಡದೆ ನಿಲ್ಲಬೇಕು. ಕೊನೆಯ ಹೇಸರಗತ್ತೆ ಹದಿನೈದು ಮೀಟರ್ ದೂರ ಹೋದ ಮೇಲಷ್ಟೇ ಹಾದಿಗೆ ಬರಬೇಕು. ಒಂಬತ್ತು ಜನರ ಸಾಲು ಒಂದು ತಿರುವಿನಲ್ಲಿ ಹೀಗೆ ಅಂಟಿಕೊಳ್ಳಲು ಹೋದರೆ ಆಗುವ ಫಜೀತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಲ್ಲು ಓದುವವಳು:

ಭೂವಿಜ್ಞಾನ ಓದುತ್ತಿರುವವಳಾಗಿ ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಕೊನೆಯ ದಿನವನ್ನು ಏಳು ಗಂಟೆಯಲ್ಲಿ ಮುಗಿಸಿದವರಿಗಿಂತ ಹನ್ನೊಂದೂವರೆ ಗಂಟೆಯಲ್ಲಿ ಮುಗಿಸಿದವರ ಮೇಲೆ ನನಗೆ ಹೊಟ್ಟೆಕಿಚ್ಚು.

ನದಿಯ ಬಳಿ ನಿಮ್ಮ ಇಕ್ಕೆಲದಲ್ಲಿದ್ದ ಕಪ್ಪುಬಂಡೆ ಸುಮಾರು 170 ಕೋಟಿ ವರ್ಷ ಹಳೆಯದು, ಅದರ ಹೆಸರು ವಿಷ್ಣು ಶಿಸ್ಟ್. ನಮ್ಮ ವಿಷ್ಣುವೇ. ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ 1880ರ ದಶಕದಲ್ಲಿ ಇಲ್ಲಿನ ಶಿಖರಗಳಿಗೆ ವಿಷ್ಣು ದೇವಾಲಯ, ಶಿವ ದೇವಾಲಯ ಎಂದೆಲ್ಲ ಹೆಸರಿಟ್ಟ, ಆ ಗುಂಗು ಬಂಡೆಗಳಿಗೂ ಹತ್ತಿತು. ಡೆವಿಲ್ಸ್ ಕಾರ್ಕ್‌ಸ್ಕ್ರೂ ಮುಗಿದ ಮೇಲೆ ಕಪ್ಪುಬಂಡೆ ನಿಂತು ಕಂದು ಬಣ್ಣದ, ಪದರಪದರದ ಟೇಪೀಟ್ಸ್ ಮರಳುಗಲ್ಲು ಶುರುವಾಗುತ್ತದೆ. ಅದಕ್ಕೆ ಸುಮಾರು 50 ಕೋಟಿ ವರ್ಷ. ನಡುವಿನ 120 ಕೋಟಿ ವರ್ಷಗಳ ಕಲ್ಲು ಅಲ್ಲಿ ಸವೆದುಹೋಗಿ, ಪುಸ್ತಕದ ಹಾಳೆ ಹರಿದಂತೆ ಮಾಯವಾಗಿದೆ. ನೀವು ಅದನ್ನು ಒಂದು ಹೆಜ್ಜೆಯಲ್ಲಿ ದಾಟಿದ್ದೀರಿ. (ಹೆಮ್ಮೆಯ ಒಂದು ಮಾತು: ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಕಮರಿಯ ತಳಕ್ಕೆ ಇಳಿದರೂ ಅಷ್ಟು ಹಳೆಯ ಕಲ್ಲು ಸಿಗುವುದಿಲ್ಲ.)

ಜೇಕಬ್ಸ್ ಲ್ಯಾಡರ್ ತಿರುವುಗಳು ಇರುವುದು ರೆಡ್‌ವಾಲ್ ಸುಣ್ಣಗಲ್ಲಿನಲ್ಲಿ. ಹೆಸರು ಕೆಂಪು, ಕಲ್ಲು ಬೂದು. ಮೇಲಿನ ಪದರಗಳ ಕಬ್ಬಿಣದಂಶ ಮಳೆಯಲ್ಲಿ ಇಳಿದು ಗೋಡೆಗೆ ಕೆಂಪು ಬಳಿದಿದೆ. ಈ ಗೋಡೆ ಸುಮಾರು 150 ಮೀಟರ್ ನೆಟ್ಟಗೆ ನಿಂತಿರುವುದರಿಂದ ಸಾಮಾನ್ಯವಾಗಿ ಏರಲು ದಾರಿಯೇ ಇರುವುದಿಲ್ಲ. ಇಲ್ಲಿ ದಾರಿ ಇರುವುದಕ್ಕೆ ಕಾರಣ ಬ್ರೈಟ್ ಏಂಜೆಲ್ ಸ್ತರಭಂಗ: ನೆಲ ಬಿರಿದು ಒಂದು ಮಗ್ಗುಲು ಮೇಲೆದ್ದು, ಪುಡಿಯಾದ ಬಂಡೆ ಸವೆದು, ಗೋಡೆಯಲ್ಲಿ ಒಂದು ಸಂದು ಬಿಟ್ಟಿದೆ. ಅಲ್ಲಿಯೇ ನಿಮ್ಮ ತಂಡವೂ ಬಿರಿದದ್ದು ಕಾಕತಾಳೀಯ.

ಅದಕ್ಕೂ ಮೇಲೆ, ಹಾದಿಯ ಪಕ್ಕದಲ್ಲೇ, ಉರುಳಿಬಿದ್ದ ಒಂದು ಬಂಡೆಯ ಮೇಲೆ 31 ಕೋಟಿ ವರ್ಷಕ್ಕೂ ಹಿಂದಿನ ಪ್ರಾಣಿಯೊಂದರ ಹೆಜ್ಜೆಗುರುತುಗಳಿವೆ. ದಿನವೂ ನೂರಾರು ಜನ ಓಡಾಡುವ ಹಾದಿಯದು, ಆದರೂ ಒಬ್ಬ ಭೂವಿಜ್ಞಾನಿ ಅದನ್ನು ಗಮನಿಸಿದ್ದು 2016ರಲ್ಲಿ. ಮಿಕ್ಕವರೆಲ್ಲ ಪ್ರಾಯಶಃ ಬೇಗ ಏರುತ್ತಿದ್ದರು.

ಬೇಗ ಏರಿದವನು:

ಸಾಕು, ಏಟು ತಗಲಿತು. ಆದರೆ ವೇಗಕ್ಕೂ ಆ ಹಾದಿಯಲ್ಲಿ ಚರಿತ್ರೆ ಇದೆ ಎಂಬುದನ್ನು ಮರೆಯಬೇಡಿ. ಹಾದಿಯ ನೆತ್ತಿಯಲ್ಲಿ ಕೋಲ್ಬ್ ಸ್ಟುಡಿಯೊ ಇದೆ. ಕೋಲ್ಬ್ ಸಹೋದರರು ಬೆಳಿಗ್ಗೆ ಇಳಿಯುವ ಸವಾರರ ಫೋಟೊ ತೆಗೆಯುತ್ತಿದ್ದರು. ಫೋಟೊ ತೊಳೆಯಲು ಮೇಲಂಚಿನಲ್ಲಿ ಶುದ್ಧ ನೀರಿರಲಿಲ್ಲ. ಆದ್ದರಿಂದ ಗಾಜಿನ ಫಲಕಗಳನ್ನು ಹೊತ್ತು ಗಾರ್ಡನ್ ತನಕ ಓಡಿ ಇಳಿದು, ಅಲ್ಲಿ ತೊಳೆದು ಮುದ್ರಿಸಿ, ಸವಾರರು ಮರಳುವ ಮೊದಲೇ ಮೇಲೆ ಓಡಿ ಬಂದು ಮಾರುತ್ತಿದ್ದರು. ನಮ್ಮ ಮೂರೂ ಚಿಲ್ಲರೆ ಗಂಟೆ ಅವರ ಮುಂದೆ ಏನೂ ಅಲ್ಲ.

ಸಂಘಟಕ:

ಅವರಿಗೆ ಮರಳಿ ಬರಲು ಗಿರಾಕಿಗಳಾದರೂ ಇದ್ದರು.

ಮಂಡಿನೋವಿನವರು:

ನನ್ನ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆದಿದೆ ಎಂದು ಮಗಳು ತೋರಿಸಿದಳು. ಮೇಲೆ ಹೇಳಿದ ಹಿರಿಯರು ನಾನೇ. ಆಗ ನನಗೆ ಅರವತ್ತೊಂದು.

ಮಂಡಿ ಕೆಟ್ಟದ್ದು ಕೊನೆಯ ದಿನ ಅಲ್ಲ, ಮೊದಲ ದಿನದ ಇಳಿತದಲ್ಲಿ. ಹಾದಿಯಲ್ಲಿ ಮಣ್ಣು ಕೊಚ್ಚಿಹೋಗದಂತೆ ಅಡ್ಡಲಾಗಿ ಮರದ ದಿಮ್ಮಿ ಹೂತಿದ್ದಾರೆ; ಅದರ ಎತ್ತರ ಹೇಸರಗತ್ತೆಯ ಕಾಲಿಗೆ ಸರಿ, ನನ್ನ ಕಾಲಿಗಲ್ಲ. ಎಡಗಾಲು ಮೇಲಿಟ್ಟು, ಕೋಲು ಊರಿ, ಬಲಗಾಲನ್ನು ಅದರ ಪಕ್ಕಕ್ಕೆ ತರುವುದು, ಮತ್ತೆ ಎಡಗಾಲು. ಮನೆಯ ಅಟ್ಟ ಹತ್ತುವ ಎಳೆಮಗುವಿನ ಹಾಗೆ ಇಡೀ ಜೇಕಬ್ಸ್ ಲ್ಯಾಡರ್ ಏರಿದೆ. ಸಂಘಟಕ ನನ್ನ ಹಿಂದೆ ಒಂದೇ ಒಂದು ಸಲ ನಿಟ್ಟುಸಿರು ಬಿಟ್ಟ, ನನಗೆ ಕೇಳಿಸಿತು. ಅವನು ಆಮೇಲೆ ಬಿಡಲಿಲ್ಲ.

ನಿಧಾನದ ಲಾಭಗಳೂ ಇದ್ದವು. ಮಧ್ಯಾಹ್ನ ಕಳೆದಂತೆ ಪಶ್ಚಿಮದ ಗೋಡೆಯ ನೆರಳು ಹಾದಿಯ ಮೇಲೆ ಇಳಿದು ಬಂತು, ಕೊನೆಯ ಎರಡು ಕಿಲೋಮೀಟರ್ ಬಹುಪಾಲು ನೆರಳಿನಲ್ಲೇ ನಡೆದೆವು. ಮೇಲಿನ ಸುರಂಗದ ಹತ್ತಿರ ಕೋಲಿಗೆ ಗದ್ದ ಊರಿ ನಿಂತಿದ್ದಾಗ ಕತ್ತೆತ್ತಿ ನೋಡಿದರೆ, ಬಂಡೆಯ ಹಣೆಯ ಕೆಳಗೆ ಕೆಂಪು ಬಣ್ಣದಲ್ಲಿ ಬರೆದ ಜಿಂಕೆಯಂಥ ಪ್ರಾಣಿಗಳು. ಯಾರ ಕಾಲದವೋ. ಹೊಟ್ಟೆ ಸರಿಹೋಗಿದ್ದ ಹುಡುಗನನ್ನು ಕರೆದು ತೋರಿಸಿದೆ. ಅವನೂ ನಾನೂ ಅಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತಿದ್ದೆವು. ಬೇಗ ಏರಿದ ನಾಲ್ವರಲ್ಲಿ ಯಾರಾದರೂ ಅದನ್ನು ನೋಡಿದ್ದಾರೆಯೇ ಎಂದು ಆಗಾಗ ಕೇಳಬೇಕೆನ್ನಿಸಿದ್ದುಂಟು.

ಇನ್ನು ಕೀಲಿ. ಸಂಘಟಕ ಅದನ್ನು ತನ್ನ ಮರೆವು ಎಂದುಕೊಂಡು ಇಷ್ಟು ವರ್ಷ ಕೊರಗುತ್ತಿದ್ದಾನೆಂದು ನನಗೆ ತಿಳಿದಿರಲಿಲ್ಲ. ಹಿಂದಿನ ರಾತ್ರಿ, ಅಳಿಲುಗಳು ಬಾರದಿರಲೆಂದು ತಿನಿಸನ್ನೆಲ್ಲ ಶಿಬಿರದ ಕಬ್ಬಿಣದ ಡಬ್ಬಿಗೆ ತುಂಬುತ್ತಿದ್ದಾಗ, ಕೀಲಿ ಅವನ ಚೀಲದ ಹೊರಜೇಬಿನಲ್ಲಿತ್ತು. ಅದನ್ನು ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡವನು ನಾನು. ಎರಡು ದಿನದಿಂದ ಹುಡುಗರ ನಡಿಗೆ ನೋಡಿದ್ದೆ. ಕೊನೆಯ ದಿನ ಯಾರೂ ನನಗಾಗಿ ಕಾಯುವುದಿಲ್ಲ ಎಂಬುದು ಗೊತ್ತಿತ್ತು, ಕೀಲಿಗಾಗಿ ಕಾಯುತ್ತಾರೆ ಎಂಬುದೂ ಗೊತ್ತಿತ್ತು. ಸ್ವೆಟರ್ ವಿಷಯ ಮಾತ್ರ ನನ್ನ ಲೆಕ್ಕದಲ್ಲಿ ಇರಲಿಲ್ಲ. ಅದಕ್ಕೆ ಆ ನಾಲ್ವರ ಕ್ಷಮೆ ಕೇಳುತ್ತೇನೆ.

ಬೇಗ ಏರಿದವನು:

ಐದು ನಿಮಿಷದಿಂದ ನಗುತ್ತಿದ್ದೇನೆ, ಸ್ವಲ್ಪ ನಾಚಿಕೆಯೂ ಆಗುತ್ತಿದೆ. ಆ ಚಿತ್ರಗಳನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಅಂಕಲ್, ಈ ಸಲ ನೀವು ಬರುವುದಾದರೆ ಗಾರ್ಡನ್ಸ್‌ನಿಂದ ಮೇಲಕ್ಕೆ ನಾನು ನಿಮ್ಮ ಗುಂಪಿನಲ್ಲಿ ಬರುತ್ತೇನೆ. ತಿನಿಸು ನನ್ನ ಚೀಲದಲ್ಲೇ ಇರಲಿ.

ಸಂಘಟಕ:

ಅರ್ಜಿಯಲ್ಲಿ ಎರಡನೆಯ ರಾತ್ರಿಗೆ ಹವಾಸುಪಾಯಿ ಗಾರ್ಡನ್ಸ್ ಎಂದೇ ಬರೆಯುತ್ತಿದ್ದೇನೆ, ದೊಡ್ಡ ತಂಡದ ಜಾಗ ಸಿಗದಿದ್ದರೆ ಆರು ಜನರಷ್ಟೇ ಹೋಗೋಣ. ಮೂರರಂತೆ ಎರಡು ಗುಂಪು, ನಿಧಾನದ ಗುಂಪು ನಾಲ್ಕು ಗಂಟೆಗೆ ಹೊರಡುತ್ತದೆ, ಉಪ್ಪಿನ ತಿನಿಸು ಪ್ರತಿಯೊಬ್ಬರ ಚೀಲದಲ್ಲೂ ಇರುತ್ತದೆ. ಕೀಲಿ ಎರಡು ಮಾಡಿಸೋಣವೇ ಎಂದು ಮೊದಲು ಯೋಚಿಸಿದ್ದೆ. ಈಗ ಬೇಡ ಅನ್ನಿಸುತ್ತಿದೆ.